ಮೂವರು ತಾಯಂದಿರು ಕಲಿಸುವ ತವಕ್ಕುಲ್

'ಎಲ್ಲವನ್ನೂ ಅಲ್ಲಾಹ್ ನೋಡಿಕೊಳ್ಳುತ್ತಾನೆ' ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತದೆ. ಮಗನ ಪರೀಕ್ಷೆ, ಮಗಳ ಮದುವೆ, ಗಲ್ಫಿನಿಂದ ಬರಬೇಕಾದ ಹಣ, ಆಸ್ಪತ್ರೆಯಲ್ಲಿರುವ ತಾಯಿ - ಯಾವ ಚಿಂತೆ ಬಂದರೂ ನಾವು ಇದನ್ನೇ ಹೇಳುತ್ತೇವೆ. ಮಾತು ಸತ್ಯ. ಆದರೆ ಹೇಳುವವರೆಲ್ಲರ ಅರ್ಥ ಒಂದೇ ಆಗಿರುವುದಿಲ್ಲ. ಒಬ್ಬನು ದುಡಿಯಲು ಹೋಗದೆ ಮನೆಯಲ್ಲಿ ಕುಳಿತು ಹೀಗೆ ಹೇಳುತ್ತಾನೆ. ಅವನ ಪತ್ನಿ ನೆರೆಮನೆಯಿಂದ ಅಕ್ಕಿ ಸಾಲ ತರುತ್ತಾಳೆ. ಇನ್ನೊಬ್ಬನು ಹೀಗೆಯೇ ಹೇಳಿ, ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳಾಡುತ್ತಾನೆ. ಮೊದಲನೆಯವನಲ್ಲಿ ಪ್ರಯತ್ನವಿಲ್ಲ, ಎರಡನೆಯವನಲ್ಲಿ ಭರವಸೆಯಿಲ್ಲ. ಇವೆರಡೂ ತವಕ್ಕುಲ್ ಅಲ್ಲ.

'ತವಕ್ಕುಲ್' ಮತ್ತು ನಾವು ಕನ್ನಡದಲ್ಲಿ ಬಳಸುವ 'ವಕೀಲ' ಒಂದೇ ಮೂಲದಿಂದ ಬಂದ ಪದಗಳು. ನಮ್ಮ ವ್ಯವಹಾರವನ್ನು ಯಾರಿಗೆ ಒಪ್ಪಿಸುತ್ತೇವೆಯೋ ಅವನು ವಕೀಲ. ಮೊಕದ್ದಮೆಯನ್ನು ಒಳ್ಳೆಯ ವಕೀಲರಿಗೆ ಒಪ್ಪಿಸಿದವನ ಮನಸ್ಸು ಹಗುರವಾಗುತ್ತದೆ. ಹಾಗೆಂದು ಅವನು ದಾಖಲೆಗಳನ್ನು ಕೊಡದೆ, ಕರೆದ ದಿನ ಹೋಗದೆ ಇರುತ್ತಾನೆಯೇ? ಒಂಟೆಯನ್ನು ಕಟ್ಟಬೇಕೇ ಅಥವಾ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಬೇಕೇ ಎಂದು ಕೇಳಿದವನಿಗೆ, ಕಟ್ಟಿದ ನಂತರ ಭರವಸೆಯಿಡಲು ಪ್ರವಾದಿವರ್ಯರು(ಸ) ಹೇಳಿದರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ.

ಈ ಪಾಠವನ್ನು ಬಾಳಿ ತೋರಿಸಿದ ಮೂವರು ತಾಯಂದಿರನ್ನು ನೋಡೋಣ.

ಮೊದಲನೆಯವರು ಬೀಬಿ ಹಾಜಿರಾ(ಅ). ಬೆಳೆಯಿಲ್ಲದ, ನೀರಿಲ್ಲದ ಮಕ್ಕಾ ಕಣಿವೆಯಲ್ಲಿ ಇಬ್ರಾಹೀಮ್(ಅ) ಅವರನ್ನೂ ಹಾಲು ಕುಡಿಯುವ ಮಗುವನ್ನೂ ಬಿಟ್ಟು ಹೊರಟರು. ಜೊತೆಗಿದ್ದದ್ದು ಒಂದು ಚೀಲ ಖರ್ಜೂರ, ಒಂದು ತೊಗಲಿನ ಚೀಲದಲ್ಲಿ ನೀರು. ಇದು ಅಲ್ಲಾಹನ ಆಜ್ಞೆಯೇ ಎಂದು ಹಾಜಿರಾ ಕೇಳಿದರು. ಹೌದೆಂಬ ಉತ್ತರ ಬಂದಾಗ, ಹಾಗಾದರೆ ಅವನು ನಮ್ಮನ್ನು ಕೈಬಿಡಲಾರ ಎಂದು ಮರಳಿದರು. ಇಷ್ಟು ದೊಡ್ಡ ಭರವಸೆಯುಳ್ಳ ಆ ತಾಯಿ, ನೀರು ಮುಗಿದು ಮಗು ಬಾಯಾರಿಕೆಯಿಂದ ಹೊರಳಾಡಿದಾಗ ಸುಮ್ಮನೆ ಕುಳಿತರೇ? ಇಲ್ಲ. ಸಫಾ ಬೆಟ್ಟವೇರಿ ಯಾರಾದರೂ ಕಾಣುತ್ತಾರೆಯೇ ಎಂದು ನೋಡಿದರು. ಅಲ್ಲಿಂದ ಮರ್ವಾಕ್ಕೆ ಓಡಿದರು. ಹೀಗೆ ಏಳು ಸಲ. ಇಂದು ಹಜ್ಜಾಜ್‌ಗಳು ನಡೆಯುವ ಆ ದಾರಿ ಒಟ್ಟು 3 ಕಿಲೋಮೀಟರಿಗೂ ಹೆಚ್ಚು. ಆದರೆ ನೀರು ಸಫಾದಲ್ಲಿ ಸಿಗಲಿಲ್ಲ, ಮರ್ವಾದಲ್ಲಿಯೂ ಸಿಗಲಿಲ್ಲ. ಅದು ಚಿಮ್ಮಿದ್ದು ಮಗುವಿನ ಬಳಿಯಲ್ಲಿ. ಅದೇ ಝಮ್‌ಝಮ್.

ಗಮನಿಸಿರಿ, ಆ ತಾಯಿ ಓಡಿದ ಕಡೆಯಿಂದ ನೀರು ಬರಲಿಲ್ಲ. ಆದರೂ ಆ ಓಟವನ್ನು ಅಲ್ಲಾಹನು ವ್ಯರ್ಥವೆಂದು ಎಣಿಸಲಿಲ್ಲ. ಲೋಕಾಂತ್ಯದವರೆಗಿನ ಹಜ್ಜ್ ಮತ್ತು ಉಮ್ರಾದ ಭಾಗವನ್ನಾಗಿ ಮಾಡಿದನು. ಪ್ರಯತ್ನ ನಮ್ಮ ಹೊಣೆ. ಫಲ ಯಾವ ದಾರಿಯಿಂದ ಬರಬೇಕೆಂಬುದು ಅವನ ತೀರ್ಮಾನ.

ಎರಡನೆಯವರು ಮೂಸಾ(ಅ)ರ ತಾಯಿ. ಇಸ್ರಾಈಲರ ಗಂಡು ಮಕ್ಕಳನ್ನು ಫಿರ್‌ಔನನು ಕೊಲ್ಲಿಸುತ್ತಿದ್ದ ಕಾಲವದು. ಭಯವಾದಾಗ ಮಗುವನ್ನು ನದಿಗೆ ಬಿಡಬೇಕು, ಅವನನ್ನು ನಾವು ನಿನಗೆ ಮರಳಿಸುವೆವು ಎಂದು ಅಲ್ಲಾಹನು ಆಕೆಗೆ ತಿಳಿಸಿದನು. ವಾಗ್ದಾನ ಸಿಕ್ಕಿದ್ದರೂ ಆ ತಾಯಿಯ ಹೃದಯ ಬರಿದಾಯಿತೆಂದು ಸೂರಃ ಅಲ್ ಕಸಸ್ ತಿಳಿಸುತ್ತದೆ. ಅಲ್ಲಾಹನು ಬಲಪಡಿಸದಿದ್ದರೆ ಆಕೆ ಗುಟ್ಟನ್ನು ಹೊರಗೆಡಹುತ್ತಿದ್ದರು. ಆಕೆ ಮಾಡಿದ ಕೆಲಸ ಚಿಕ್ಕದು: ಮಗುವಿನ ಜಾಡು ಹಿಡಿದು ಹೋಗಲು ಮಗಳಿಗೆ ಹೇಳಿದರು. ಮಗು ಯಾವ ದಾದಿಯ ಹಾಲನ್ನೂ ಕುಡಿಯದಿದ್ದಾಗ, ಹಾಲೂಡಿಸಬಲ್ಲ ಮನೆಯೊಂದನ್ನು ತೋರಿಸಿದವಳು ಆ ಹುಡುಗಿಯೇ. ಕೊಲ್ಲಬೇಕೆಂದಿದ್ದವನ ಮನೆಯಿಂದಲೇ ಮಗು ತಾಯಿಯ ಮಡಿಲಿಗೆ ಮರಳಿತು.

ಮೂರನೆಯವರು ಈಸಾ(ಅ)ರ ತಾಯಿ ಮರ್ಯಮ್(ಅ). ಚಿಕ್ಕಂದಿನಲ್ಲಿ ಅವರ ಪ್ರಾರ್ಥನಾ ಕೊಠಡಿಗೆ ಆಹಾರ ತಾನಾಗಿ ಬರುತ್ತಿತ್ತು. ಆದರೆ ಒಂಟಿಯಾಗಿ, ಹೆರಿಗೆ ನೋವಿನಲ್ಲಿ, ಇದಕ್ಕಿಂತ ಮುಂಚೆಯೇ ಸತ್ತುಹೋಗಿದ್ದರೆ ಎಂದು ಹಂಬಲಿಸಿದ ಗಳಿಗೆಯಲ್ಲಿ ಬಂದ ಅಪ್ಪಣೆ ಏನು? ಖರ್ಜೂರ ಮರದ ಕಾಂಡವನ್ನು ಅಲುಗಾಡಿಸಬೇಕೆಂದು! ಬಲಿಷ್ಠ ಗಂಡಸಿಗೂ ಅಲುಗಾಡದ ಮರ ಬಾಣಂತಿಯ ಕೈಗೆ ಅಲುಗಾಡುವುದೇ? ಹಣ್ಣನ್ನು ಉದುರಿಸಿದವನು ಅಲ್ಲಾಹನು. ಆದರೂ ಆ ನಿತ್ರಾಣ ಕೈ ಒಮ್ಮೆ ಮರವನ್ನು ಮುಟ್ಟಬೇಕೆಂದು ಅವನು ಬಯಸಿದನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓಡಿದ ಮೇಲೂ ನೀರು ಬರದಿದ್ದರೆ? ಬೇಡಿದ್ದು ಸಿಗದಿದ್ದರೆ?

ಯಾಕೂಬ್(ಅ)ರನ್ನು ನೆನೆಯಿರಿ. ಮಗ ಯೂಸುಫ್(ಅ)ರ ಅಗಲಿಕೆಯಲ್ಲಿ ಅತ್ತತ್ತು ಅವರ ಕಣ್ಣುಗಳು ಬೆಳ್ಳಗಾದವು. ಆ ಕಣ್ಣೀರನ್ನು ಕುರ್‌ಆನ್ ಅವಿಶ್ವಾಸವೆಂದು ಕರೆಯಲಿಲ್ಲ. ದುಃಖವನ್ನು ಅವರು ತೋಡಿಕೊಂಡದ್ದು ಅಲ್ಲಾಹನೊಂದಿಗೆ. ಅಷ್ಟು ವರ್ಷಗಳ ಬಳಿಕವೂ, ಹೋಗಿ ಹುಡುಕಿರಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗದಿರಿ ಎಂದೇ ಮಕ್ಕಳನ್ನು ಕಳುಹಿಸಿದರು. ಅವರು ಅಳುತ್ತಿದ್ದ ಕಾಲದಲ್ಲೇ ಈಜಿಪ್ಟಿನಲ್ಲಿ ಯೂಸುಫ್(ಅ) ಬರಗಾಲಕ್ಕಾಗಿ ಧಾನ್ಯ ಕೂಡಿಡುತ್ತಿದ್ದರು. ಅದೇ ಧಾನ್ಯ ಮುಂದೆ ಆ ತಂದೆಯ ಮನೆಗೂ ಬಂತು.

ಕೆಲವೊಮ್ಮೆ ಇಹಲೋಕದಲ್ಲಿ ಉತ್ತರವೇ ಕಾಣಿಸುವುದಿಲ್ಲ. ಪ್ರವಾದಿವರ್ಯರ(ಸ) ಏಳು ಮಕ್ಕಳಲ್ಲಿ ಫಾತಿಮಾ(ರ) ಹೊರತು ಉಳಿದ ಆರು ಮಂದಿಯೂ ಅವರ ಜೀವಿತಕಾಲದಲ್ಲೇ ತೀರಿಕೊಂಡರು. ಪುಟ್ಟ ಇಬ್ರಾಹೀಮ್ ಕೊನೆಯುಸಿರೆಳೆದಾಗ ಅವರ ಕಣ್ಣು ತುಂಬಿತು, ಹೃದಯ ನೊಂದಿತು. ಆದರೆ ಪ್ರಭುವಿಗೆ ಮೆಚ್ಚುಗೆಯಾಗದ ಒಂದು ಮಾತೂ ನಾಲಗೆಯಿಂದ ಬರಲಿಲ್ಲ. ಬೇಡಿದ್ದು ಸಿಗುತ್ತದೆಂಬ ಖಾತ್ರಿಯ ಹೆಸರು ತವಕ್ಕುಲ್ ಅಲ್ಲ. ಸಿಕ್ಕಿದರೂ ಸಿಗದಿದ್ದರೂ ನಾನು ಅವನ ಕೈಯಲ್ಲೇ ಇದ್ದೇನೆ ಎಂಬ ನೆಮ್ಮದಿಯೇ ತವಕ್ಕುಲ್.

ಆದ್ದರಿಂದ ಪ್ರಿಯ ಸಹೋದರ ಸಹೋದರಿಯರೇ, ಕಷ್ಟ ಬಂದಾಗ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನನ್ನ ಸಫಾ ಮರ್ವಾ ಯಾವುದು? ಕಾಯಿಲೆಯಾದರೆ ವೈದ್ಯರ ಬಾಗಿಲು, ಕೆಲಸ ಹೋದರೆ ಇನ್ನೊಂದು ದುಡಿಮೆಯ ಹುಡುಕಾಟ, ಮಗ ದಾರಿ ತಪ್ಪುತ್ತಿದ್ದರೆ ಅವನ ಪಕ್ಕದಲ್ಲಿ ಕುಳಿತು ಆಡುವ ನಾಲ್ಕು ಮಾತು. ಬಲ್ಲವರೊಂದಿಗೆ ಸಮಾಲೋಚಿಸಿ, ತೀರ್ಮಾನಿಸಿ, ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವುದು - ಸೂರಃ ಆಲಿ ಇಮ್ರಾನ್ ಕಲಿಸುವ ಕ್ರಮ ಇದು. ಓಡಬೇಕಾದಷ್ಟು ಓಡಿದ ನಂತರ ಇಶಾ ನಮಾಝ್ ಮುಗಿಸಿ ಭಾರವನ್ನು ಅವನಿಗೊಪ್ಪಿಸಿ ಮಲಗೋಣ. ನಾಳೆಯ ನೀರು ಎಲ್ಲಿಂದ ಚಿಮ್ಮುವುದೆಂದು ಅವನಿಗೆ ಗೊತ್ತಿದೆ.

ಪ್ರಯತ್ನಿಸುವ ಕೈಗಳನ್ನೂ ಭರವಸೆ ತುಂಬಿದ ಹೃದಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.