ಕಾಲು ನೆಟ್ಟಗಾದ ಮೇಲಿನ ನಾಲ್ಕು ವರ್ಷ

ತಮ್ಮಾ, ತಂಗೀ, ನಿಮ್ಮ ಕೂಸಿನ ಪಾದ ಹುಟ್ಟುತ್ತಲೇ ಒಳಕ್ಕೆ ತಿರುಗಿದೆ ಎಂದು ಕಂಗಾಲಾಗಬೇಡಿ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು ಎಂದು ಬಾಣಂತಿಯನ್ನು ಅನ್ನುವವರು ಕೂಡ್ಲಿಗಿಯಲ್ಲೂ ಇದ್ದಾರೆ, ಹಡಗಲಿಯಲ್ಲೂ ಇದ್ದಾರೆ. ಆ ಮಾತು ಹೊಸ್ತಿಲು ದಾಟಿ ಒಳಗೆ ಬರದಿರಲಿ. ಹೆಚ್ಚುಕಡಿಮೆ ಸಾವಿರ ಕೂಸುಗಳಲ್ಲಿ ಒಂದಕ್ಕೆ, ಜಗತ್ತಿನ ಎಲ್ಲ ಕಡೆ, ಹೀಗಾಗುತ್ತದೆ. ತಾಯಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ.

ಎಣ್ಣೆ ತಿಕ್ಕುತ್ತಾ ಕೂರಬೇಡಿ. ಕೊಟ್ಟೂರು ತೇರು ಮುಗಿಯಲಿ, ಮೈಲಾರದ ಜಾತ್ರೆ ಕಳೆಯಲಿ ಎಂದು ಮುಂದೂಡಲೂ ಬೇಡಿ. ಹುಟ್ಟಿದ ಮೊದಲ ವಾರಗಳಲ್ಲಿ ಕೂಸಿನ ಕೀಲು, ಸ್ನಾಯು ಎಲ್ಲ ಮೆತ್ತಗಿರುತ್ತವೆ. ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು ಅಮೆರಿಕದ ಅಯೋವಾದಲ್ಲಿ ರೂಪಿಸಿದ ಚಿಕಿತ್ಸೆ ನಿಂತಿರುವುದೇ ಆ ಮೆದುತನದ ಮೇಲೆ. ವೈದ್ಯರು ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಸ್ವಲ್ಪಸ್ವಲ್ಪವೇ ಹೊರಕ್ಕೆ ತಿರುಗಿಸಿ, ತೊಡೆಯವರೆಗೂ ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ. ಐದಾರು ಪಟ್ಟಿಗೆ ಪಾದ ದಾರಿಗೆ ಬರುತ್ತದೆ. ಹೆಚ್ಚಿನ ಕೂಸುಗಳಿಗೆ ಕೊನೆಯಲ್ಲಿ ಹಿಮ್ಮಡಿಯ ಹಿಂದಿನ ಬಿಗಿ ಸ್ನಾಯುರಜ್ಜುವನ್ನು ಸಣ್ಣದಾಗಿ ಕತ್ತರಿಸಿ, ಇನ್ನೊಂದು ಪಟ್ಟಿ ಮೂರು ವಾರ ಇಡುತ್ತಾರೆ. ದೊಡ್ಡ ಆಪರೇಷನ್ ಬೇಕಾಗುವುದು ಅಪರೂಪ. ಪಟ್ಟಿ ಹಾಕಿದ ದಿನ ಬೆರಳು ನೋಡುತ್ತಿರಿ. ನೀಲಿಯಾದರೆ, ತಣ್ಣಗಾದರೆ, ಬಾತರೆ, ಅಥವಾ ಪಟ್ಟಿ ಜಾರಿ ಬೆರಳು ಒಳಗೆ ಸರಿದರೆ ಅಂದೇ ಆಸ್ಪತ್ರೆಗೆ ಓಡಿ.

ಆಶಾ ಕಾರ್ಯಕರ್ತೆಗೆ ಹೇಳಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಸೊಟ್ಟ ಪಾದವೂ ಇದೆ, ಸರ್ಕಾರಿ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. 2023ರ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಚಾರ್ಜೂ ಇಲ್ಲ. ಉಳಿದದ್ದು ದಿನದ ಕೂಲಿ. ತಮ್ಮಾ, ಅದರ ಹೊರೆ ನಿನ್ನದೂ ಹೌದು. ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಅವಳೊಬ್ಬಳನ್ನೇ ಪ್ರತಿ ವಾರ ಕಳಿಸಬೇಡ.

ನನಗೆ ಹೆಚ್ಚು ಆತಂಕ ಪಟ್ಟಿ ಬಿಚ್ಚಿದ ಮೇಲಿನದ್ದು. ಪಾದ ಚೆಂದ ಕಾಣುತ್ತದೆ, ಮನೆಯವರ ಮನಸ್ಸು ಸಡಿಲವಾಗುತ್ತದೆ. ಆದರೆ ಬೆಳೆಯುವ ಪಾದ ಮತ್ತೆ ಒಳಕ್ಕೇ ಎಳೆಯುತ್ತದೆ. ಅದನ್ನು ತಡೆಯುವುದು ಎರಡು ಬೂಟು, ನಡುವೆ ಒಂದು ಕಂಬಿ. ಉಗಾಂಡಾದಲ್ಲಿ ಸ್ಟೀನ್‌ಬೀಕ್ ಎಂಬುವರು ಇದನ್ನು ಊರಿನ ಚರ್ಮ, ಊರಿನ ಕಬ್ಬಿಣದಿಂದಲೇ ಅಗ್ಗವಾಗಿ ಮಾಡುವ ಬಗೆ ತೋರಿಸಿಕೊಟ್ಟರು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿ ಮತ್ತು ಹಗಲ ನಿದ್ದೆಗೆ, ನಾಲ್ಕು ವರ್ಷ ತುಂಬುವವರೆಗೆ. ಮೊದಲ ಕೆಲವು ರಾತ್ರಿ ಕೂಸು ಅತ್ತೀತು. ಕರುಳು ಚುರುಕ್ ಎಂದು ಅಜ್ಜಿ ಬೂಟು ಬಿಚ್ಚಲು ಹೋಗುತ್ತಾಳೆ, ಅವಳಿಗೂ ಕಾರಣ ತಿಳಿಸಿ ಹೇಳಿ. ಪಾದದಲ್ಲಿ ಹುಣ್ಣು, ಕೆಂಪು ಇಲ್ಲದಿದ್ದರೆ ಬಿಚ್ಚಬೇಡಿ. ಎರಡೂ ಕಾಲು ಒಟ್ಟಿಗೆ ಮಡಚಿ ಚಾಚುವುದನ್ನು ಆಟದಂತೆ ಕಲಿಸಿದರೆ ಕೂಸು ಬೇಗ ಒಗ್ಗುತ್ತದೆ.

ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರು ಹೊರಡುವ ಮುನ್ನ ವೈದ್ಯರನ್ನು ಕಾಣಿರಿ. ಬೂಟು ಚಿಕ್ಕದಾದರೆ ಹೋದ ಊರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು, ಚಿಕಿತ್ಸೆಯ ಚೀಟಿ ಜೊತೆಗಿಟ್ಟುಕೊಳ್ಳಿ.

ನಡೆಯುವಾಗ ಹಿಮ್ಮಡಿ ನೆಲ ಮುಟ್ಟುತ್ತಿಲ್ಲ ಎನಿಸಿದರೆ ಮುಂದಿನ ತಾರೀಖಿಗೆ ಕಾಯಬೇಡಿ. ಮರಳಿ ತಿರುಗಿದ ಪಾದಕ್ಕೂ ಮತ್ತೆ ಪಟ್ಟಿ ಹಾಕಬಹುದು. ನಿಮ್ಮ ಓಣಿಯಲ್ಲಿ ಚಿಕಿತ್ಸೆಯೇ ಸಿಗದೆ ಹೊರಪಾದದ ಮೇಲೆ ನಡೆಯುತ್ತಿರುವ ಮಗುವಿದ್ದರೆ ಅದನ್ನೂ ಕರೆದುಕೊಂಡು ಹೋಗಿ. ಪಟ್ಟಿಗಳು ಹೆಚ್ಚು ಬೇಕಾಗಬಹುದು, ಆದರೆ ಕಾಲ ಮೀರಿಲ್ಲ.