ಬೆವರೂ ನೀರೇ

ಮೊದಲ ಸಲ ಐಸ್ ಮೇಲೆ ಮೀನು ಹಿಡಿಯಲು ಹೋದ ದಿನ ನನ್ನ ಮೇಲೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಮಳೆ ಇಲ್ಲ, ಕಾಲು ಜಾರಲಿಲ್ಲ. ಆದರೂ ಸಂಜೆ ನಾಲ್ಕು ಗಂಟೆಗೆ ಮೈಯೆಲ್ಲ ಒದ್ದೆಯಾಗಿ ಗಡಗಡ ನಡುಗುತ್ತಿದ್ದೆ.

ಅದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ತಾಸು. ಐನೂರು ಚದರ ಕಿಲೋಮೀಟರಿಗೂ ಮಿಕ್ಕಿದ ನೀರು ಜನವರಿಯಲ್ಲಿ ಕಲ್ಲಾಗಿರುತ್ತದೆ. ಅದರ ಮೇಲೆ ಜನ ಪಿಕಪ್ ಓಡಿಸುತ್ತಾರೆ, ಗುಡಿಸಲು ಎಳೆದು ತಂದು ನಿಲ್ಲಿಸುತ್ತಾರೆ. ಪಕ್ಕದ ಮನೆಯ ಹಿರಿಯರೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಮೈನಸ್ 18 ಡಿಗ್ರಿ. ನಾನು ಹತ್ತಿ ಬನಿಯನ್, ಹತ್ತಿ ಕಾಲುಚೀಲ, ಜೀನ್ಸ್ ಹಾಕಿ, ಮೇಲೆ ಇದ್ದುದರಲ್ಲೇ ದಪ್ಪನೆಯ ಜಾಕೆಟ್ ಏರಿಸಿದ್ದೆ. ವಯಸ್ಸಾದವರು ಯಾಕೆ ಕಷ್ಟಪಡಬೇಕು ಅಂತ ಕೈಬೈರಿಗೆಯನ್ನು ನಾನೇ ಇಸಿದುಕೊಂಡೆ. ಒಂದೂವರೆ ಅಡಿ ದಪ್ಪದ ಐಸಿನಲ್ಲಿ ನಾಲ್ಕು ತೂತು. ಮೂರನೆಯದು ಕೊರೆಯುವಷ್ಟರಲ್ಲಿ ಬೆನ್ನ ಹುರಿಯ ಮೇಲೆ ಬೆವರು ಇಳಿಯುತ್ತಿತ್ತು. ಈ ಚಳಿ ಇಷ್ಟೇನಾ ಅನ್ನಿಸಿತು.

ಆಮೇಲೆ ಬಕೆಟ್ ಬೋರಲು ಹಾಕಿ ಕೂತೆ. ಕೂತದ್ದೇ ತಡ, ಬನಿಯನ್ ತಣ್ಣಗಾಗತೊಡಗಿತು. ಇಪ್ಪತ್ತು ನಿಮಿಷಕ್ಕೆ ಬೆನ್ನಿಗೆ ಬಾವಿ ನೀರಲ್ಲಿ ಅದ್ದಿದ ಪಾಣಿಪಂಚೆ ಹೊದಿಸಿದ ಹಾಗಾಯಿತು. ಗಾಳಕ್ಕೆ ಮರಿಮೀನು ಸಿಕ್ಕಿಸಲು ಹೋದರೆ ಬೆರಳು ಹೇಳಿದ ಮಾತು ಕೇಳಲಿಲ್ಲ. ಹಿರಿಯರು ನನ್ನ ಮುಖ ಒಮ್ಮೆ ನೋಡಿದರು, ಏನೂ ಹೇಳದೆ ಸಾಮಾನು ಕಟ್ಟಿದರು.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಎಲ್ಲಾ ಕೇಳಿಸಿಕೊಂಡು, "ಮೈಮೇಲೆ ಎಂಥ ಹಾಕಿದ್ದೆ?" ಅಂದರು.

"ಹತ್ತಿ ಬನಿಯನ್ನು, ಅದರ ಮೇಲೆ ಜಾಕೆಟ್ಟು."

"ಹತ್ತಿಬಟ್ಟೆಲಿ ಯಾರಾದ್ರೂ ಮೀನಿಗೆ ಹೋಗ್ತಾರ ಮಾರಾಯ? ಕಂಬಳಿ ಯಾಕೆ ಇರದು ಮತ್ತೆ?"

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಮೀನಿನ ಸಂಭ್ರಮ ಮುಂಗಾರಿನದು. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹಿಡಿದು ಗದ್ದೆಗೆ ಹತ್ತುತ್ತವೆ, ಅದಕ್ಕೇ ಅದು ಹತ್ತುಮೀನು. ಅಪ್ಪ ಕಂಬಳಿಕೊಪ್ಪೆ ಹಾಕಿ, ಟಾರ್ಚು ಹಿಡಿದು, ಮೊಣಕಾಲ ನೀರಲ್ಲಿ ರಾತ್ರಿಯಿಡೀ ಇರುತ್ತಿದ್ದರು. ಕಂಬಳಿ ನೆನೆದು ಮಣಭಾರ ಆದರೂ ಒಳಗೆ ಬೆಚ್ಚಗೇ ಇರುತ್ತಿತ್ತು. ಅದನ್ನು ನಾನು ಹದಿನೈದು ವರ್ಷ ಕಣ್ಣಾರೆ ನೋಡಿದ್ದೆ, ಆದರೆ ಅದರಲ್ಲಿ ಕಲಿಯುವಂಥದ್ದು ಇದೆ ಅಂತ ಹೊಳೆದಿರಲಿಲ್ಲ. ಉಣ್ಣೆಯ ಎಳೆ ಸುರುಳಿ ಸುರುಳಿ. ಆ ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ, ಬಿಸಿಯನ್ನು ಕಾಯುವುದು ಆ ಗಾಳಿ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರು ಕುಡಿದರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹತ್ತಿ ಹಾಗಲ್ಲ. ನೆನೆದರೆ ಗಾಳಿಯನ್ನೆಲ್ಲ ಬಿಟ್ಟುಕೊಟ್ಟು ಮೈಗೆ ಅಂಟುತ್ತದೆ, ಅಲ್ಲಿಂದ ಮುಂದೆ ಮೈಯ ಬಿಸಿಯನ್ನೇ ಹೀರುತ್ತದೆ.

ಈಗ ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ನೀರು ನುಗ್ಗದ ಒಂದು ಹೊದಿಕೆ. ಅದಕ್ಕಿಂತ ಮುಖ್ಯ ಮಾತು ಬೇರೆ ಇದೆ: ಜಾರುಬಂಡಿ ಎಳೆಯುವಾಗ, ಐಸ್ ಕೊರೆಯುವಾಗ ಜಾಕೆಟ್ ಬಿಚ್ಚಿ ಬಂಡಿಯ ಮೇಲೆ ಇಡುತ್ತೇನೆ. ಕೆಲಸ ಶುರುಮಾಡುವಾಗ ಸ್ವಲ್ಪ ಚಳಿ ಅನ್ನಿಸಲೇಬೇಕು. ಬೆಚ್ಚಗೆ ಹೊರಟವನು ಬೆವರುತ್ತಾನೆ, ಬೆವರಿದವನು ಸಂಜೆಗೆ ನಡುಗುತ್ತಾನೆ. ಕೂರುವ ಮೊದಲು ಒಳಬನಿಯನ್ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಆ ಚಳಿಯಲ್ಲಿ ಅರ್ಧ ನಿಮಿಷ ಬರಿಮೈ ಆಗುವುದು ಕಷ್ಟ, ಆದರೂ ಬಿಡಬಾರದು.

ಸಂಜೆಯ ಚಳಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಯಾಕೆಂದರೆ ಇಲ್ಲಿ ಎಲ್ಲರೂ ಕಾಯುವ ಮೀನು ವಾಲ್‌ಐ. ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಮಬ್ಬಿನಲ್ಲಿ ಹೊಳೆಯುತ್ತದೆ, ಬೆಳಕು ಇಳಿಯುವ ಹೊತ್ತಿಗೇ ಆ ಮೀನು ಬೇಟೆಗೆ ಹೊರಡುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಮೈ ಸೋತಿರುವ ಆ ಹೊತ್ತೇ ಮೀನು ಕಚ್ಚುವ ಹೊತ್ತು. ಮೈನಸ್ 18ರಲ್ಲಿ ತಾಸಿಗೆ 24 ಕಿ.ಮೀ. ಗಾಳಿ ಬೀಸಿದರೆ ಮೈಗೆ ಅದು ಮೈನಸ್ 28. ಮುಚ್ಚದೆ ಬಿಟ್ಟ ಚರ್ಮ ಅರ್ಧ ತಾಸಿನಲ್ಲಿ ಹೆಪ್ಪುಗಟ್ಟಬಹುದು. ಹಾಗಾಗಿ ಮೂಗಿನ ತುದಿ, ಕಿವಿ, ಕೆನ್ನೆಗಳನ್ನು ಜೊತೆಗಿದ್ದವರು ಪರಸ್ಪರ ನೋಡಿಕೊಳ್ಳುತ್ತೇವೆ. ಬಿಳುಚಿ ಮೇಣದ ಹಾಗೆ ಕಂಡರೆ ಅವತ್ತಿನ ಮೀನು ಸಾಕು.

ಕಾಲಿನ ವಿಷಯದಲ್ಲಿ ನಾನು ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಬೆಚ್ಚಗಿರಲಿ ಅಂತ ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿದೆ. ರಕ್ತ ಓಡಾಡಲು ಜಾಗವಿಲ್ಲದೆ ಬೆರಳು ಮೊದಲಿಗಿಂತ ಬೇಗ ಮರಗಟ್ಟಿತು. ಬೂಟು ಒಂದು ಸೈಜು ದೊಡ್ಡದಿರಬೇಕು, ಒಳಗೆ ಬೆರಳು ಆಡಬೇಕು, ಉಣ್ಣೆಯ ಚೀಲ ಒಂದೇ ಸಾಕು. ಐಸಿನ ಮೇಲೆ ನೇರವಾಗಿ ಕಾಲಿಡದೆ ಒಂದು ಹಲಗೆಯನ್ನೋ ಫೋಮ್ ತುಂಡನ್ನೋ ಹಾಕಿಕೊಳ್ಳುತ್ತೇನೆ. ಹಿಮ ಹೆಚ್ಚು ಬಿದ್ದ ವರ್ಷ ಅದರ ಭಾರಕ್ಕೆ ಐಸ್ ತಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು, ಹಿಮದಡಿ ಗದ್ದೆ ಕೆಸರಿನಂತೆ ನಿಂತಿರುತ್ತದೆ. ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ಪಾದ ಮುಚ್ಚುವಷ್ಟಾದರೂ ಎತ್ತರಕ್ಕೆ ರಬ್ಬರು ಇರುವ ಬೂಟು ಅದಕ್ಕೇ ಬೇಕು.

ಟೆಂಟಿನೊಳಗೆ ಪ್ರೊಪೇನ್ ಒಲೆ ಹಚ್ಚಿದರೆ ಹಾಯೆನಿಸುತ್ತದೆ. ಆದರೆ ಅನಿಲ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದು ಟೆಂಟಿನ ಬಟ್ಟೆಗೆ ತಾಗಿ ತಣಿದು ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಕಿಂಡಿ ತೆರೆದಿಟ್ಟರೆ ಈ ತೇವ ಹೋಗುತ್ತದೆ. ಆ ಕಿಂಡಿಯ ನಿಜವಾದ ಕೆಲಸ ಜೀವ ಉಳಿಸುವುದು; ಒಲೆಯಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿಯೆಂದು ಕಿಂಡಿ ಮುಚ್ಚುವವರನ್ನು ಕಂಡರೆ ಪರಿಚಯ ಇಲ್ಲದಿದ್ದರೂ ಹೋಗಿ ಹೇಳುತ್ತೇನೆ. ಮೈ ಕಾಯಿಸಲು ಮದ್ಯ ಕುಡಿಯುವವರಿಗೂ ಹೇಳುತ್ತೇನೆ: ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬಿಸಿಯನ್ನು ಹೊರಗೆ ಬಿಡುತ್ತದೆ. ನನ್ನ ಫ್ಲಾಸ್ಕಿನಲ್ಲಿ ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಇರುತ್ತದೆ.

ನಡೆದು ಹೋಗಲು ಹೊಸ, ತಿಳಿಯಾದ ಐಸ್ ಕನಿಷ್ಠ 4 ಇಂಚು ಇರಬೇಕು ಎನ್ನುವುದು ಇಲ್ಲಿಯ ನಿಯಮ. ಬೆಳ್ಳಗಿನ ಹಿಮಮಿಶ್ರಿತ ಐಸಿಗೆ ಅದರ ಅರ್ಧ ಬಲ, ಹಾಗಾಗಿ ದಪ್ಪ ಎರಡರಷ್ಟು ಬೇಕು. ಕೊರಳಿಗೆ ಎರಡು ಹಿಡಿಮೊಳೆ ನೇತುಹಾಕದೆ ನಾನು ಐಸಿಗೆ ಕಾಲಿಡುವುದಿಲ್ಲ. ಐಸ್ ಒಡೆದು ನೀರಿಗೆ ಬಿದ್ದರೆ ಅವನ್ನು ಅಂಚಿಗೆ ಚುಚ್ಚಿ ಎದೆ ಮೇಲೆಳೆದುಕೊಂಡು, ಏಳದೆ ಉರುಳುತ್ತಾ ದೂರ ಸರಿಯಬೇಕು. ಅಷ್ಟು ತಣ್ಣನೆಯ ನೀರಲ್ಲಿ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಹತ್ತು ನಿಮಿಷ, ಎಚ್ಚರ ತಪ್ಪಲು ಒಂದು ತಾಸು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಟ್ಟ ಈ ಲೆಕ್ಕವನ್ನು ನನ್ನ ಮಗಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಮರುವರ್ಷ ಊರಿಗೆ ಹೋದಾಗ ಅಪ್ಪ ಚಳ್ಳಕೆರೆಯ ಕರಿಕಂಬಳಿ ಒಂದನ್ನು ತರಿಸಿಟ್ಟಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ ಮೇಲೆ ಹಾಕಿ ಕೂರುತ್ತೇನೆ, ಮತ್ತೂ ಚಳಿಯಾದರೆ ಮೊಣಕಾಲ ಮೇಲೆ ಎಳೆದುಕೊಳ್ಳುತ್ತೇನೆ. ಮೀನು ಮುಟ್ಟಿದ ಕೈಯನ್ನು ಟವೆಲ್ಲಿಗೆ ಒರೆಸಿ ಅದರೊಳಗೆ ತೂರಿಸಿದರೆ ಎರಡು ನಿಮಿಷಕ್ಕೆ ಬೆರಳಿಗೆ ಜೀವ ಬರುತ್ತದೆ. ಮನೆಗೆ ಬಂದ ಮೇಲೆ ಎಷ್ಟೇ ನಿದ್ದೆ ಬರಲಿ, ಬೂಟಿನ ಒಳಪದರ ಬಿಚ್ಚಿ ಹೀಟರಿನ ಬಾಯಿಗೆ ಇಟ್ಟು, ಪಕ್ಕದಲ್ಲಿ ಕಂಬಳಿ ಹರವುತ್ತೇನೆ. ಅಡುಗೆಮನೆಯಲ್ಲಿ ವಾಟೆಹುಳಿ ಹಾಕಿದ ಮೀನುಸಾರು ಕುದಿಯುವಾಗ, ಇತ್ತ ಕಂಬಳಿಯಿಂದ ನಮ್ಮ ಜಗಲಿಯ ಆಷಾಢದ ವಾಸನೆ ಏಳುತ್ತದೆ.