ಜಾಹೀರಾತು ಹೇಳದೆ ಬಿಟ್ಟ ಖರ್ಚು

ಬಳಸಿದ ಸ್ಪೋರ್ಟ್ಸ್ ಕಾರುಗಳ ಮಾರಾಟಕ್ಕೆಂದು ಬೆಂಗಳೂರಿನಂಥ ನಗರಗಳಲ್ಲಿ ಪ್ರಕಟವಾಗುವ ಕಿರುಜಾಹೀರಾತುಗಳಲ್ಲಿ ಅಪ್ಪಟ ಸುಳ್ಳಿಗಿಂತ ಅರ್ಧ ಹೇಳಿದ ನಿಜವೇ ಹೆಚ್ಚಾಗಿರುತ್ತದೆ. ಕೊಳ್ಳುವವನ ನಷ್ಟವು ಬಹುಪಾಲು ಹೇಳದೆ ಉಳಿದ ಆ ಇನ್ನರ್ಧದಲ್ಲಿ ಅಡಗಿರುವುದರಿಂದ, ಇಂಥ ವ್ಯವಹಾರಕ್ಕೆ ಇಳಿಯುವವರು ಜಾಹೀರಾತಿನ ಬೆಲೆಗೆ ಮುನ್ನ ಅದರ ಮೌನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹೊಸದಾಗಿದ್ದಾಗ ಕೋಟಿ ರೂಪಾಯಿ ಬಾಳಿದ ಕಾರು ಕೆಲವು ವರ್ಷಗಳ ಬಳಿಕ ಅದರ ಕಾಲುಭಾಗಕ್ಕೆ ಸಿಕ್ಕರೂ, ಅದರ ಕ್ಲಚ್, ಬ್ರೇಕ್ ಡಿಸ್ಕ್ ಮತ್ತು ಟೈರುಗಳಿಗೆ ತೆರಬೇಕಾದದ್ದು ಕೋಟಿಯ ಕಾರಿನ ದರವನ್ನೇ ಎಂಬ ಸರಳ ಸಂಗತಿಯನ್ನು ಯಾವ ಜಾಹೀರಾತೂ ನೆನಪಿಸುವುದಿಲ್ಲ.

ಮೊದಲಿಗೆ ಪರಿಶೀಲಿಸಬೇಕಾದದ್ದು ‘ಸಿಂಗಲ್ ಓನರ್’ ಎಂಬ ವಿವರಣೆಯನ್ನು. ಈ ಅಂಕಣಕಾರನು ಎರಡು ಸೀಟಿನ ಹಳೆಯ ಕಾರೊಂದನ್ನು ಕೊಳ್ಳುವ ಉದ್ದೇಶದಿಂದ ಹಲವು ಮಾರಾಟಗಾರರನ್ನು ಕಂಡಾಗ, ಹಾಗೆಂದು ಪ್ರಚಾರ ಪಡೆದಿದ್ದ ಗಾಡಿಯೊಂದರ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಮಾಲೀಕರ ಕ್ರಮಸಂಖ್ಯೆ ಮೂರು ಎಂದಿತ್ತು. ಕರ್ನಾಟಕಕ್ಕೆ ಬಂದ ಮೇಲೆ ಒಬ್ಬರೇ ಮಾಲೀಕರೆಂಬುದು ಮಾರಾಟಗಾರನ ಸಮರ್ಥನೆಯಾಗಿತ್ತು. ಅಂಕಣಕಾರನು ಆ ವ್ಯವಹಾರವನ್ನು ಅಲ್ಲಿಗೇ ಕೈಬಿಟ್ಟನಾದರೂ, ಮುಂಗಡ ಕೊಡುವ ಮುನ್ನ ಆರ್‌ಸಿಯನ್ನು ಕೇಂದ್ರ ಸರ್ಕಾರದ ‘ವಾಹನ್’ ದತ್ತಾಂಶದೊಂದಿಗೆ ಹೋಲಿಸಿ ನೋಡುವುದು ಎಷ್ಟು ಅಗತ್ಯವೆಂಬುದಕ್ಕೆ ಆ ಪ್ರಸಂಗವೊಂದೇ ಸಾಕು.

ಹೊರರಾಜ್ಯದ ನೋಂದಣಿಯು ಇದಕ್ಕಿಂತ ದೊಡ್ಡ ಖರ್ಚಿನ ಮೂಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಹೊಸ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಬೆಲೆಯ ಶೇ 18ರಷ್ಟು ಜೀವಾವಧಿ ತೆರಿಗೆ, ಅಂದರೆ ನೋಂದಣಿಯ ಸಮಯದಲ್ಲಿ ಒಂದೇ ಬಾರಿಗೆ ಕಟ್ಟುವ ರಸ್ತೆ ತೆರಿಗೆ, ಮತ್ತು ಅದರ ಮೇಲೆ ಉಪಕರ ಬೀಳುತ್ತದೆ. ಪುದುಚೇರಿಯಲ್ಲಿ ಈ ಹೊರೆ ಬಹಳ ಕಡಿಮೆಯಾದ್ದರಿಂದ ದುಬಾರಿ ಕಾರುಗಳನ್ನು ಅಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ರೂಢಿ ಬೆಳೆಯಿತು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಾಯಿತವಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಲೇಬೇಕು. ಆಗ ತೆರಬೇಕಾದ ತೆರಿಗೆಯ ಪ್ರಮಾಣ ಕಾರಿನ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆಯಾದರೂ, ಲೆಕ್ಕಕ್ಕೆ ಆಧಾರವಾಗುವುದು ಕಾರಿನ ಮೂಲ ಬೆಲೆಯೇ ಹೊರತು ಕೊಳ್ಳುವವನು ಈಗ ಕೊಟ್ಟ ಅಗ್ಗದ ಬೆಲೆಯಲ್ಲ. ಜಾಹೀರಾತಿನಲ್ಲಿ ನಂಬರ್ ಪ್ಲೇಟಿನ ಚಿತ್ರವನ್ನು ಮಸುಕುಗೊಳಿಸಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಕಾರು ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ ಎಂಬುದೇ.

ಕಡಿಮೆ ಓಡಿದೆಯೆಂಬ ಮಾತನ್ನು ಮೀಟರಿನ ಅಂಕಿಯೊಂದರಿಂದಲೇ ಒಪ್ಪುವಂತಿಲ್ಲ, ಏಕೆಂದರೆ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಸರ್ವೀಸ್ ದಾಖಲೆಗಳ ಜೊತೆಗೆ ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಬೇಕು; 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ನಿಜವಾಗಿಯೂ ನಿಂತೇ ಇದ್ದ ಕಾರಾದರೆ ಟೈರು ಮತ್ತು ರಬ್ಬರ್ ಸೀಲುಗಳು ವಯಸ್ಸಿನಿಂದಲೇ ಗಡಸಾಗಿ ಬಿರುಕು ಬಿಟ್ಟಿರಬಹುದಾದ್ದರಿಂದ ಆ ವೆಚ್ಚವನ್ನೂ ಬೆಲೆಗೆ ಸೇರಿಸಿಯೇ ಮಾತುಕತೆಗೆ ಕೂರಬೇಕು. ‘ವಿಮೆ ಚಾಲ್ತಿಯಲ್ಲಿದೆ’ ಎಂಬುದು, ಇತರರಿಗೆ ಆದ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ಪಾಲಿಸಿಗೂ ಅನ್ವಯಿಸುವ ಮಾತು. ಇನ್ನು ಕ್ಲೇಮ್ ಮಾಡದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯು ಕಾರಿನ ಜೊತೆ ಬಾರದೆ ಹಳೆಯ ಮಾಲೀಕನ ಬಳಿಯೇ ಉಳಿಯುತ್ತದೆ.

ಮಾರುವವನು ವೃತ್ತಿಯಿಂದ ವ್ಯಾಪಾರಿಯಾಗಿದ್ದರೆ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆ ಕೊಳ್ಳುವವನಿಗಿರುತ್ತದೆ. ಖಾಸಗಿ ವ್ಯಕ್ತಿಯೊಬ್ಬ ತನ್ನ ಸ್ವಂತ ಕಾರನ್ನು ಮಾರಿದಾಗ ನೆಚ್ಚಬೇಕಾದದ್ದು ಮುಖ್ಯವಾಗಿ 1872ರ ಭಾರತೀಯ ಕರಾರು ಕಾಯ್ದೆಯನ್ನು. ಅದರ 17ನೇ ಸೆಕ್ಷನ್ ಕೊಡುವ ಉದಾಹರಣೆಗಳಲ್ಲಿ, ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವಾಗ ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗುವುದಿಲ್ಲ. ಆದರೆ ‘ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ಭಾವಿಸುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮನಾಗುತ್ತದೆ. ಸಾಧಾರಣ ಎಚ್ಚರದಿಂದ ನಿಜವನ್ನು ತಿಳಿಯಬಹುದಾಗಿದ್ದವನಿಗೆ, ಎದುರಿನವನ ಮೌನದ ನೆಪದಲ್ಲಿ ಕರಾರನ್ನು ರದ್ದುಪಡಿಸುವ ಹಕ್ಕಿಲ್ಲವೆಂದು 19ನೇ ಸೆಕ್ಷನ್ ಸೇರಿಸುತ್ತದೆ.

ಆದ್ದರಿಂದ ಅಪಘಾತ, ನೆರೆನೀರಿನ ಹಾನಿ, ಬಾಕಿ ಸಾಲ, ಮೀಟರ್ ಬದಲಾವಣೆ, ಎಂಜಿನ್ ಅಥವಾ ಎಕ್ಸಾಸ್ಟ್ ಮಾರ್ಪಾಡು, ಇವುಗಳಲ್ಲಿ ಒಂದೂ ಇಲ್ಲವೆಂದು ನಂಬಿ ಕೊಳ್ಳುತ್ತಿರುವುದಾಗಿ ಮಾರಾಟಗಾರನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಕಾರಿನ ಮೇಲೆ ಸಾಲವಿದ್ದರೆ ಅದು ತೀರಿತೆಂಬ ನಮೂನೆ 35, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30, ಹೊರರಾಜ್ಯದ್ದಾದರೆ ನಿರಾಕ್ಷೇಪಣೆಯ ನಮೂನೆ 28, ಇವು ಕೈಸೇರುವವರೆಗೆ ಪೂರ್ಣ ಹಣವನ್ನು ಕೊಡಬಾರದು. ಬರೆದು ಉತ್ತರಿಸಲು ಹಿಂಜರಿಯುವ ಮಾರಾಟಗಾರನ ಕಾರು ಎಷ್ಟೇ ಅಗ್ಗವಾಗಿ ಕಂಡರೂ ಕೊಳ್ಳತಕ್ಕದ್ದಲ್ಲ.